ಜಗಲಿ ಏರಿದ ಸೈಕಲ್ಲು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ನಮ್ಮನ್ನು ಕಂಡರೆ ಬಯಲುಸೀಮೆಯ ನೆಂಟರಿಗೆ ಒಂದು ಅನುಮಾನ. ಬೆಳಿಗ್ಗೆ ಹತ್ತಕ್ಕೆ ಬಂದರೂ ಇವರು ಜಗಲಿಯ ಮೇಲೆ ಕವಳದ ಹರಿವಾಣ ಮುಂದಿಟ್ಟುಕೊಂಡು ಕೂತಿರುತ್ತಾರೆ, ಸಂಜೆ ನಾಲ್ಕಕ್ಕೆ ಬಂದರೂ ಅದೇ ಕಂಬಕ್ಕೆ ಒರಗಿ ಕೂತಿರುತ್ತಾರೆ. ಹಾಗಾದರೆ ಕೆಲಸ ಮಾಡುವುದು ಯಾವಾಗ? ಕೂತೇ ಮಾಡುತ್ತೇವೆ ಸ್ವಾಮೀ ಎಂದರೆ ನಗುತ್ತಾರೆ. ಆದರೆ ಒಮ್ಮೆ ಲೆಕ್ಕ ಹಾಕಿ ನೋಡಿ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವುದು ಕೂತು. ಹೆರೆಮಣೆಯ ಮೇಲೆ ಕಾಯಿ ಹೆರೆಯುವುದು ಕೂತು. ಏಪ್ರಿಲ್ ಬಂತೆಂದರೆ ಹಲಸಿನ ಹಪ್ಪಳ ಒತ್ತುವುದು ಕೂತು. ಇಡೀ ರಾತ್ರಿ ರಾಮನಾಗಿ, ವಾಲಿಯಾಗಿ, ಕೌರವನಾಗಿ ವಾದಿಸಿ ಬೆಳಗು ಮಾಡುವ ತಾಳಮದ್ದಳೆಯಂತೂ ಕೂತೇ. ನಮಗೆ ಕೂರುವುದು ವಿಶ್ರಾಂತಿಯಲ್ಲ, ಅದೊಂದು ಭಂಗಿ ಅಷ್ಟೆ.

ಮರ ಹತ್ತುವುದೊಂದನ್ನು ಮಾತ್ರ ಕೂತು ಮಾಡಲಾಗದು ಎಂದು ತಿಳಿದಿದ್ದೆವು. 2019ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅದಕ್ಕೂ ಒಂದು ದಾರಿ ಮಾಡಿದರು. ಅವರು ಮಾಡಿದ ಬೈಕಿನ ಸೀಟಿನ ಮೇಲೆ ಕೂತು ಚಾಲೂ ಮಾಡಿದರೆ ಅಡಿಕೆ ಮರವನ್ನು ಸೊಯ್ಯನೆ ಏರುತ್ತದೆ. ಅದರ ವಿಡಿಯೊ ಊರೂರಿನ ಮೊಬೈಲುಗಳಲ್ಲಿ ಓಡಾಡಿದಾಗ ನಮ್ಮ ಪಕ್ಕದ ಮನೆಯ ಹಿರಿಯರು ನಿಟ್ಟುಸಿರು ಬಿಟ್ಟು, “ಇನ್ನು ಏಳೋ ಕೆಲಸ ಯಾವ್ದೂ ಉಳದಿದ್ದಿಲ್ಲೆ” ಎಂದಿದ್ದರು.

ಹೀಗೆ ಕೂತೇ ಬದುಕು ಕಟ್ಟಿದ ಜನ ನಾವು ಎಂದು ನಾನು ಹೇಳುವುದು ಅರ್ಧ ಮಾತ್ರ ನಿಜ. ಇನ್ನರ್ಧವನ್ನು ನಮ್ಮ ಮಂಡಿಗಳು ಹೇಳುತ್ತವೆ. ಮನೆ ಎತ್ತರದಲ್ಲಿ, ತೋಟ ಕಣಿವೆಯಲ್ಲಿ, ಸೊಪ್ಪಿನಬೆಟ್ಟ ಮತ್ತೊಂದು ದಿಕ್ಕಿನ ಏರಿನಲ್ಲಿ. ದಿನಕ್ಕೆ ಎರಡು ಬಾರಿ ತೋಟಕ್ಕೆ ಇಳಿದು ಹತ್ತಿದರೂ ವರ್ಷ ಕಳೆಯುವಷ್ಟರಲ್ಲಿ ಸಣ್ಣ ಘಟ್ಟವೇ ಆಗುತ್ತದೆ. ತಲೆಯ ಮೇಲೆ ಒಣ ಎಲೆಯ ದರಕಿನ ಹೊರೆ, ಹೆಗಲ ಮೇಲೆ ಬೋರ್ಡೋ ದ್ರಾವಣದ ಪೈಪು, ಕಾಲಡಿ ಅಡಿಕೆ ದಬ್ಬೆಯ ಕಾಲುಸಂಕ. ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ಮೈಯ ತೂಕದ ಎರಡೂವರೆ ಪಟ್ಟಿನಷ್ಟು, ಮೆಟ್ಟಿಲು ಇಳಿಯುವಾಗ ಮೂರು ಪಟ್ಟಿಗೂ ಹೆಚ್ಚು. ಕೃತಕ ಮಂಡಿಯ ಒಳಗೇ ಅಳತೆಯ ಉಪಕರಣ ಇಟ್ಟು ಜರ್ಮನಿಯ ಸಂಶೋಧಕರು ಕಂಡುಕೊಂಡ ಲೆಕ್ಕ ಇದು. ಹತ್ತುವುದಕ್ಕಿಂತ ಇಳಿಯುವುದೇ ನೋವು ಎಂಬುದು ನಮ್ಮ ಅಜ್ಜಿಯರಿಗೆ ಉಪಕರಣವಿಲ್ಲದೆಯೂ ಗೊತ್ತಿತ್ತು.

ಅರುವತ್ತು ದಾಟಿದ ಮೇಲೆ ನನ್ನ ಬಲಮಂಡಿ ಕಟಕಟ ಎನ್ನತೊಡಗಿತು. ಮೂಳೆ ವೈದ್ಯರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಮೃದ್ವಸ್ಥಿ ಸವೆದಿದೆ, ಆದರೆ ಶಸ್ತ್ರಚಿಕಿತ್ಸೆಯ ಮಟ್ಟಕ್ಕೆ ಬಂದಿಲ್ಲ ಎಂದರು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಮಂಡಿಯನ್ನು ಹಿಡಿದಿಡುವ ತೊಡೆಯ ಸ್ನಾಯು ಗಟ್ಟಿಯಾದರೆ ನೋವು ಇಳಿಯುತ್ತದೆ, ಅದಕ್ಕಾಗಿ ಮಂಡಿಯನ್ನು ಆಡಿಸುತ್ತಿರಬೇಕು, ಆದರೆ ಭಾರ ಹಾಕಬಾರದು. ಸೈಕಲ್ ತುಳಿಯುವಾಗ ಮಂಡಿಯ ಮೇಲಿನ ಭಾರ ಹೆಚ್ಚುಕಮ್ಮಿ ಮೈಯ ತೂಕದಷ್ಟೇ ಇರುತ್ತದಂತೆ. ಹಾಗಾಗಿ ಸೈಕಲ್ ತುಳಿಯಿರಿ, ಮನೆಯಲ್ಲೇ ತುಳಿಯುವಂಥದ್ದು ಎಂದರು.

ಸುತ್ತ ಇಷ್ಟು ಹಸಿರು ಇರುವಾಗ ಮನೆಯೊಳಗೆ ಯಾಕೆ, ಹೊರಗೆ ನಡೆಯಬಾರದೇ ಎಂದು ಬೆಂಗಳೂರಿನ ಪಾರ್ಕುಗಳಲ್ಲಿ ಸುತ್ತು ಹೊಡೆಯುವವರು ಕೇಳುತ್ತಾರೆ. ಅವರು ಮಲೆನಾಡನ್ನು ನೋಡುವುದು ಅಕ್ಟೋಬರಿನ ರಜೆಯಲ್ಲಿ. ಶಿರಸಿಯಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 2,500 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ಅಂಗಳದ ಕಲ್ಲಿಗೂ ಮೆಟ್ಟಿಲಿಗೂ ಹಾವಸೆ ಕಟ್ಟಿ, ಚಪ್ಪಲಿಯ ಮೇಲೆ ನಂಬಿಕೆಯೇ ಹೋಗುತ್ತದೆ. ತೋಟದ ದಾರಿಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಉಂಬಳ ಕಾಲಿಗೇರುತ್ತದೆ. ಅದರ ಭಯಕ್ಕೆ ನಾವು ನಡೆಯುವ ವೇಗವೇನೋ ಒಳ್ಳೆಯ ವ್ಯಾಯಾಮವೇ ಸರಿ, ಆದರೆ ಜಾರಿ ಬಿದ್ದರೆ ಸೊಂಟದ ಮೂಳೆಯ ಖರ್ಚು ಬೇರೆ. ಮಳೆ ನಿಂತು ಎರಡು ಮೂರು ತಿಂಗಳು ಆರಾಮ. ಜನವರಿ ಬಂದರೆ ಉಣುಗಿನ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಗಡಿ ದಾಟಿ ನಮ್ಮಲ್ಲಿಗೂ ಬಂದು ಬಹಳ ಕಾಲವಾಯಿತು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಅದು ಜೋರಾಗಿದ್ದಾಗ ಬೆಟ್ಟಕ್ಕೆ ದರಕು ತರಲು ಹೋಗುವವರೂ ಉಣುಗು ಕಚ್ಚದಂತೆ ಡೀಪಾ ಎಣ್ಣೆ ಹಚ್ಚಿಕೊಂಡು, ದೇವರಿಗೆ ಕೈಮುಗಿದು ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಆರೋಗ್ಯಕ್ಕಾಗಿ ಕಾಡಿನಲ್ಲಿ ವಾಕಿಂಗ್ ಹೊರಡುವುದು ಒಂದು ಬಗೆಯ ಹಾಸ್ಯ. ಉಳಿದದ್ದು ಡಾಂಬರು ರಸ್ತೆ. ಅಲ್ಲಿ ತಿರುವಿಗೊಂದು ಟಿಪ್ಪರ್.

ಹೀಗಾಗಿ ಮನೆಯಲ್ಲಿ ಸಭೆ ಸೇರಿತು. ಮಗ ಬೆಂಗಳೂರಿನಿಂದ ವಿಡಿಯೊ ಕಾಲಿನಲ್ಲಿ ಟ್ರೆಡ್‌ಮಿಲ್ಲಿನ ಪರವಾಗಿ ವಾದಿಸಿದ. ಅವನ ವಾದವನ್ನು ಮುರಿದದ್ದು ಯಲ್ಲಾಪುರದ ಕಡೆಯ ನಮ್ಮ ಭಾವನ ಮನೆಯ ಅನುಭವ. ಅವರಲ್ಲಿ ಟ್ರೆಡ್‌ಮಿಲ್ ಮೆತ್ತಿನ (ಮಹಡಿಯ) ಮೇಲಿದೆ. ಕರೆಂಟು ಇದ್ದರೆ ಮಾತ್ರ ಓಡುತ್ತದೆ, ಮಳೆಗಾಲದಲ್ಲಿ ಕರೆಂಟಿಗೇ ದೀರ್ಘ ರಜೆ. ಅದರ ಪಟ್ಟಿ ಚಪ್ಪಟೆಯಾಗಿ, ಉದ್ದವಾಗಿ, ಫ್ಯಾನಿನ ನೇರ ಕೆಳಗಿರುವುದು ಅಕ್ಕನ ಕಣ್ಣಿಗೆ ಬಿದ್ದದ್ದೇ ತಡ, ಮೇ ತಿಂಗಳ ಅಡ್ಡಮಳೆಗೆ ಹೆದರಿ ಒಳತಂದ ಹಲಸಿನ ಹಪ್ಪಳವೆಲ್ಲ ಅದರ ಮೇಲೆ ಒಣಗಿತು. ಹಪ್ಪಳ ಚೆನ್ನಾಗಿ ಒಣಗಿತ್ತು ಎಂಬುದರಲ್ಲಿ ತಕರಾರಿಲ್ಲ. ಸಿದ್ದಾಪುರದ ಗೆಳೆಯರೊಬ್ಬರ ಮನೆಯಲ್ಲಿ ನೇರವಾಗಿ ಕೂರುವ ಸಾದಾ ವ್ಯಾಯಾಮದ ಸೈಕಲ್ಲಿದೆ. ಅದರ ಸೀಟು ಅಂಗೈಯಗಲ. ಹತ್ತು ನಿಮಿಷಕ್ಕೆ ಮಂಡಿಯ ನೋವು ಮರೆತು ಹೋಗುತ್ತದೆ, ಏಕೆಂದರೆ ಅದಕ್ಕಿಂತ ದೊಡ್ಡ ನೋವು ಬೇರೆ ಕಡೆ ಶುರುವಾಗಿರುತ್ತದೆ.

ಹೀಗೆ ಸುತ್ತಿ ಬಂದು ನಿಂತದ್ದು ಒರಗಿ ಕೂತು ತುಳಿಯುವ ಸೈಕಲ್ಲಿನ ಬಳಿ. ಅಂಗಡಿಯವರು ಅದನ್ನು ರಿಕಂಬೆಂಟ್ ಬೈಕ್ ಎನ್ನುತ್ತಾರೆ. ಬೆನ್ನಿಗೆ ಆಸರೆಯಿರುವ ಅಗಲ ಕುರ್ಚಿ, ಎರಡೂ ಬದಿಗೆ ಹಿಡಿಕೆ, ಪೆಡಲು ಕಾಲ ಕೆಳಗಲ್ಲ, ಮುಂದೆ. ಸೊಂಟ ನೋವಿನವರಿಗೂ ಹೆಚ್ಚು ಮೈತೂಕದವರಿಗೂ ತಲೆತಿರುಗುವವರಿಗೂ ಬೀಳುವ ಭಯ ಕಡಿಮೆ. ಇದು ಮುದುಕರ ಸೈಕಲ್ಲು ಎಂದು ಮಗ ಮೂಗು ಮುರಿದ. ಅವನಿಗೆ ಒಂದು ಕತೆ ಹೇಳಬೇಕಾಯಿತು. 1933ರ ಜುಲೈ 7ರಂದು ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಎರಡನೇ ದರ್ಜೆಯ ಸವಾರ, ಶಾರ್ಲ್ ಮೋಶೆ ಮಾಡಿದ ಒರಗಿ ಕೂರುವ ಸೈಕಲ್ಲಿನಲ್ಲಿ ಒಂದು ಗಂಟೆಗೆ 45.055 ಕಿಲೋಮೀಟರ್ ಹೋಗಿ, 1914ರಿಂದ ಯಾರೂ ಮುರಿಯದಿದ್ದ 44.247 ಕಿಲೋಮೀಟರಿನ ದಾಖಲೆ ಮುರಿದ. ಸೈಕಲ್ಲಿನ ಜಾಗತಿಕ ಒಕ್ಕೂಟ ಏನು ಮಾಡಿತು? ಮರುವರ್ಷ ಸೈಕಲ್ಲಿನ ಲಕ್ಷಣವನ್ನೇ ಹೊಸದಾಗಿ ಬರೆದು, ಒರಗಿ ಕೂರುವುದನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಆರಾಮಾಗಿ ಕೂತವನು ಮೊದಲು ಮುಟ್ಟುವುದನ್ನು ನೇರ ಕೂತವರು ಎಂದೂ ಸಹಿಸುವುದಿಲ್ಲ. ಮಗ ಮುಂದೆ ಮಾತಾಡಲಿಲ್ಲ, ದುಡ್ಡು ಕಳಿಸಿದ.

ಆರಿಸುವ ಕೆಲಸ ಸುಲಭವಲ್ಲ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ನಮಗೆ ಬೇಕಾದದ್ದಲ್ಲ, ಬೇಕಾದದ್ದು ಸಣ್ಣ ಅಕ್ಷರದಲ್ಲಿರುತ್ತದೆ. ಪರದೆಯಲ್ಲಿ ಎಷ್ಟು ಬಗೆಯ ಪಯಣಗಳಿವೆ, ಮೊಬೈಲಿಗೆ ಹೇಗೆ ಜೋಡಿಸಬಹುದು ಎಂದು ಪುಟಗಟ್ಟಲೆ ಬರೆದಿರುತ್ತಾರೆ. ಮೊದಲನೆಯದಾಗಿ, ಕುರ್ಚಿ ನೆಲದಿಂದ ಎಷ್ಟು ಎತ್ತರ ಎಂದು ಹುಡುಕಿದರೆ ಸಿಗುವುದಿಲ್ಲ. ಮಂಡಿ ನೋವಿನವನಿಗೆ ತುಳಿಯುವುದಕ್ಕಿಂತ ಎದ್ದೇಳುವುದು ಕಷ್ಟ. ಕುರ್ಚಿ ಮಂಡಿಯ ಮಟ್ಟಕ್ಕಿಂತ ತಗ್ಗಾಗಿದ್ದರೆ ವ್ಯಾಯಾಮ ಮುಗಿದ ಮೇಲೆ ಎಬ್ಬಿಸಲು ಇಬ್ಬರು ಬೇಕು. ಎರಡನೆಯದು, ಕುರ್ಚಿಗೂ ಪೆಡಲಿಗೂ ನಡುವೆ ಕಾಲು ದಾಟಿಸಲು ತೆರವಿದೆಯೇ ಎಂಬುದು. ಕೆಲವು ಯಂತ್ರಗಳಲ್ಲಿ ಅಲ್ಲೊಂದು ದಪ್ಪ ತೊಲೆ ಅಡ್ಡವಿರುತ್ತದೆ. ಪ್ಯಾಂಟಿನವರು ಹೇಗೋ ದಾಟುತ್ತಾರೆ. ಪಂಚೆಯ ನನಗೂ ಸೀರೆಯ ನಮ್ಮ ಆಯಿಗೂ, ಅಂದರೆ ಅಮ್ಮನಿಗೂ, ಅದು ಬೇಲಿಯ ದಣಪೆ ಹಾರುವ ಕೆಲಸ.

ಮೂರನೆಯದು ಕಾಲಿನ ಉದ್ದ. ಕುರ್ಚಿ ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಅತಿ ದೂರಕ್ಕೆ ತಳ್ಳಿದಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲಿಗೆ ಇಟ್ಟರೆ ಮಂಡಿಯಲ್ಲಿ ಸಣ್ಣ ಬಾಗು ತಾನೇ ಉಳಿಯುತ್ತದೆ. ಅದೇ ಸರಿಯಾದ ಅಳತೆ. ಕುರ್ಚಿ ತೀರ ಹತ್ತಿರವಿದ್ದರೆ ಮಂಡಿ ಹೆಚ್ಚು ಮಡಚಿ ಮಂಡಿಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ, ತೀರ ದೂರವಿದ್ದರೆ ಸೊಂಟ ಅತ್ತಿತ್ತ ಎಳೆಯುತ್ತದೆ. ಹೊರದೇಶದ ಉದ್ದ ಕಾಲಿನವರಿಗೆಂದು ಮಾಡಿದ ಯಂತ್ರದಲ್ಲಿ ಕುರ್ಚಿಯನ್ನು ಎಷ್ಟು ಮುಂದೆ ತಂದರೂ ನಮ್ಮ ಮನೆಯವಳ ಕಾಲು ಪೆಡಲಿಗೆ ಎಟುಕಲಿಲ್ಲ. ಅಂಗಡಿಯಲ್ಲಿ ಮನೆಯ ಗಿಡ್ಡ ಕಾಲಿನವರನ್ನು ಮೊದಲು ಕೂರಿಸಿ ನೋಡಬೇಕು.

ನಾಲ್ಕನೆಯದು ಒಳಗಿನ ಕರಾಮತ್ತು. ಹಳೆಯ ಬಗೆಯದರಲ್ಲಿ ತಿರುಗುವ ಚಕ್ರಕ್ಕೆ ಉಣ್ಣೆಬಟ್ಟೆಯ ಪಟ್ಟಿ ಉಜ್ಜಿ ಭಾರ ಕೊಡುತ್ತಾರೆ. ಅದು ಸವೆಯುತ್ತದೆ, ಕಿರುಗುಟ್ಟುತ್ತದೆ. ಈಗಿನದರಲ್ಲಿ ಅಯಸ್ಕಾಂತ. ಗುಬಟು ತಿರುವಿದರೆ ಅಯಸ್ಕಾಂತ ಚಕ್ರದ ಹತ್ತಿರ ಸರಿಯುತ್ತದೆ, ತಿರುಗುವ ಲೋಹದೊಳಗೆ ಸುಳಿವಿದ್ಯುತ್ ಹುಟ್ಟಿ ಅದರ ಓಟವನ್ನೇ ತಡೆಯುತ್ತದೆ. ಒಂದಕ್ಕೊಂದು ಮುಟ್ಟುವುದಿಲ್ಲ, ಹಾಗಾಗಿ ಸವೆತವಿಲ್ಲ, ಸದ್ದೂ ಇಲ್ಲ. ಇದರಲ್ಲೂ ಎರಡು ಪಂಗಡ. ಭಾರ ಬದಲಿಸಲು ಮೋಟಾರು ಇಟ್ಟ ದುಬಾರಿಯದಕ್ಕೆ ಸಾಮಾನ್ಯವಾಗಿ ಗೋಡೆಯ ಕರೆಂಟು ಬೇಕು. ಕೈಯಲ್ಲಿ ತಿರುವುವ ಸಾದಾ ಯಂತ್ರದ ಪರದೆಗೆ ಗಡಿಯಾರದ ಸೆಲ್ಲು ಸಾಕು, ಸೆಲ್ಲು ತೀರಿದರೂ ಪೆಡಲು ತಿರುಗುತ್ತದೆ. ಗಾಳಿ ಬೀಸಿ ಹೊನ್ನೆಮರ ತಂತಿಯ ಮೇಲೆ ಮಲಗಿದರೆ ಎರಡು ದಿನ ಕತ್ತಲಲ್ಲಿ ಕಳೆಯುವ ಊರಿಗೆ ಯಾವುದು ಸರಿ ಎಂದು ಬಿಡಿಸಿ ಹೇಳಬೇಕಿಲ್ಲ.

ಐದನೆಯದನ್ನು ಯಾವ ಕಂಪನಿಯೂ ಬರೆಯುವುದಿಲ್ಲ, ಬೂಷ್ಟು. ಆಷಾಢದಲ್ಲಿ ನಮ್ಮಲ್ಲಿ ಚರ್ಮದ ಬೆಲ್ಟಿಗೆ, ಪುಸ್ತಕದ ಬೆನ್ನಿಗೆ, ಮದ್ದಳೆಯ ಮುಚ್ಚಿಗೆಗೆ ಬಿಳಿ ಬೂಷ್ಟು ಹಿಡಿಯುತ್ತದೆ. ದಪ್ಪ ಸ್ಪಂಜಿಗೆ ರೆಕ್ಸಿನ್ ಹೊದೆಸಿದ ಒರಗು ಬೆವರು ಹೀರಿಕೊಂಡರೆ ಒಂದೇ ಮಳೆಗಾಲಕ್ಕೆ ವಾಸನೆ ಬರುತ್ತದೆ. ಗಾಳಿಯಾಡುವ ಜಾಲರಿಯ ಒರಗು ಒಳ್ಳೆಯದು. ತುಳಿದಾದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಹಳಿಗೆ ಮತ್ತು ಬೋಲ್ಟುಗಳಿಗೆ ಆಗಾಗ ತುಸು ಎಣ್ಣೆ ಮುಟ್ಟಿಸಬೇಕು. ಒಳಗೆ ಸರಪಳಿಯ ಬದಲು ಬೆಲ್ಟಿದ್ದರೆ ತುಕ್ಕಿನ ಅರ್ಧ ಚಿಂತೆ ಹೋಯಿತು. ಅಡಿಕೆ ಮೂಟೆಯಿರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಹೊರಗೆ ನೇತಾಡುವ ತಂತಿ ಕಡಿಮೆ ಇದ್ದಷ್ಟೂ ಕ್ಷೇಮ. ಕೆಟ್ಟರೆ ರಿಪೇರಿಗೆ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಜನ ಬರಬೇಕು, ಅವರು ಬರುವ ದಿನ ನಮ್ಮ ಕಾಲುಸಂಕದ ಮೇಲೆ ನೀರಿರುತ್ತದೆ. ಆದ್ದರಿಂದ ಕೆಡುವ ಭಾಗಗಳು ಎಷ್ಟು ಕಡಿಮೆ ಎಂದು ನೋಡಿಯೇ ಕೊಳ್ಳಬೇಕು.

ಬೆಲೆಯ ಮಾತು. ನಾನು ವಿಚಾರಿಸಿದಾಗ ಇಪ್ಪತ್ತು ಸಾವಿರದ ಆಸುಪಾಸಿನಿಂದ ಶುರುವಾಗಿ ಲಕ್ಷ ದಾಟುವವರೆಗೂ ಇತ್ತು. ನಮ್ಮ ಕಡೆ ಯಾವ ವಸ್ತುವನ್ನೂ ರೂಪಾಯಿಯಲ್ಲಿ ಅಳೆಯುವ ಪದ್ಧತಿಯಿಲ್ಲ, ಚಾಲಿ ಅಡಿಕೆಯಲ್ಲಿ ಅಳೆಯುತ್ತೇವೆ. ಒಂದು ಕ್ವಿಂಟಲ್ ಚಾಲಿಯೊಳಗೆ ಮುಗಿಯುವ ಯಂತ್ರ ಸಾಕು ಎಂದು ನನ್ನ ಅಭಿಪ್ರಾಯ. ಅದರಾಚೆ ಕೊಡುವ ದುಡ್ಡೆಲ್ಲ ಪರದೆಗೆ ಹೋಗುತ್ತದೆ, ಕುರ್ಚಿಗೆ ಬರುವುದಿಲ್ಲ. ಯಂತ್ರ ಎಷ್ಟು ಕಿಲೋ ತೂಕ ತಾಳುತ್ತದೆ ಎಂಬುದನ್ನು ಮಾತ್ರ ನೋಡಬೇಕು. ಮನೆಯ ಅತಿ ಭಾರದವರಿಗಿಂತ ಇಪ್ಪತ್ತು ಕಿಲೋ ಹೆಚ್ಚಿಗೆ ಇರಲಿ, ಮದುವೆ ಮನೆಯಿಂದ ಬಂದ ನೆಂಟರೂ ಕೂತು ನೋಡುತ್ತಾರೆ.

ಯಂತ್ರ ಬಂತು. ಶಿರಸಿಯವರೆಗೆ ಲಾರಿಯಲ್ಲಿ, ಅಲ್ಲಿಂದ ಅಡಿಕೆ ಒಯ್ದು ಖಾಲಿ ಮರಳುವ ಪಿಕಪ್ಪಿನಲ್ಲಿ. ಮೂವತ್ತು ಕಿಲೋ ಮೀರಿದ ಪೆಟ್ಟಿಗೆಯನ್ನು ದಣಪೆಯಿಂದ ಹೊತ್ತು ತಂದದ್ದು ನಮ್ಮ ಕೊನೆಗೌಡ. ಐವತ್ತು ಅಡಿಯ ಮರದ ತುದಿಯಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಜೋಲಿ ಹೊಡೆದು ದಾಟುವ ಆಳು ಪೆಟ್ಟಿಗೆಯ ಮೇಲಿನ ಚಿತ್ರವನ್ನು ಬಹಳ ಹೊತ್ತು ನೋಡಿ, “ಇದರಲ್ಲಿ ಕೂತ್ರೆ ಕೂಲಿ ಯಾರು ಕೊಡ್ತಾರೆ?” ಎಂದು ಕೇಳಿದ. ವ್ಯಾಯಾಮ ಎಂಬುದರ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಮೈ ದಣಿಸಲು ಒಬ್ಬರು ದುಡ್ಡು ಕೊಡುವುದು, ಮೈ ದಣಿದದ್ದಕ್ಕೆ ಇನ್ನೊಬ್ಬರು ದುಡ್ಡು ಪಡೆಯುವುದು, ಎರಡೂ ಒಂದೇ ಅಂಗಳದಲ್ಲಿ ನಡೆಯುತ್ತಿದೆ. ನಾನು ಉತ್ತರ ಹೇಳಲಿಲ್ಲ, ಅವನಿಗೆ ಮಜ್ಜಿಗೆ ಕೊಟ್ಟೆ.

ಇನ್ನು ಜಾಗ. ಮನೆಯಲ್ಲಿ ಎಲ್ಲರೂ ಮೆತ್ತು ಎಂದರು. ಅಲ್ಲಿ ಜಾಗವಿದೆ, ಬಂದವರ ಕಣ್ಣಿಗೆ ಬೀಳುವುದಿಲ್ಲ, ಮುದುಕ ಕಾಲಾಡಿಸುವುದನ್ನು ಊರವರು ನೋಡಿ ನಗುವುದಿಲ್ಲ. ನಾನು ಜಗಲಿ ಎಂದು ಹಟ ಹಿಡಿದೆ. ಮೆತ್ತಿಗೆ ಹತ್ತಲು ಕಡಿದಾದ ಏಣಿಮೆಟ್ಟಿಲು, ಮಂಡಿಗಾಗಿ ತಂದ ಯಂತ್ರಕ್ಕೆ ಮಂಡಿ ಸವೆಸಿಕೊಂಡು ಹತ್ತಬೇಕು. ಅದಕ್ಕಿಂತ ದೊಡ್ಡ ಕಾರಣ ಭಾವನ ಮನೆಯ ಹಪ್ಪಳ. ನಮ್ಮ ಮನೆಗಳಲ್ಲಿ ಮೆತ್ತಿಗೆ ಹೋದ ಯಾವ ವಸ್ತುವೂ ವಸ್ತುವಾಗಿ ಉಳಿಯುವುದಿಲ್ಲ, ಸಾಮಾನಾಗುತ್ತದೆ. ಜಗಲಿಯಲ್ಲಿದ್ದದ್ದು ಮಾತ್ರ ದಿನಾ ಯಾರದೋ ಕಣ್ಣಿಗೆ ಬಿದ್ದು, ಕೈಗೆ ಸಿಕ್ಕು, ಬಳಕೆಯಲ್ಲಿ ಇರುತ್ತದೆ. ಕೆಂಪು ಗಾರೆ ನೆಲಕ್ಕೆ ಗೆರೆ ಬೀಳದಂತೆ ದಪ್ಪ ರಬ್ಬರ್ ಚಾಪೆ ಹಾಸಿ, ಎರಚಲು ಬಡಿಯದ ಮೂಲೆಯಲ್ಲಿ ಯಂತ್ರವನ್ನು ಕೂರಿಸಿದೆವು.

ಜಗಲಿಗೆ ಬಂದವರು ಮೊದಲು ನಕ್ಕರು. ಹಾಲಿನ ಡೇರಿಗೆ ಹೋಗುವವರು, ಪಂಚಾಯತಿಯವರು, ಊಟದ ಕರೆ ಹೇಳಲು ಬಂದವರು, ಎಲ್ಲರೂ “ಎಂತದ್ರೋ ಇದು” ಎಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಆಸರಿಗೆ ಕುಡಿಯುವಷ್ಟರಲ್ಲಿ ಒಬ್ಬೊಬ್ಬರಾಗಿ ಕೂತು ನೋಡಿದರು. ಕೂತವರು ಬೇಗ ಏಳಲಿಲ್ಲ. ಎಂಬತ್ತು ದಾಟಿದ ನಮ್ಮ ಆಯಿ ಮಾತ್ರ ಬಾಗಿಲ ಬಳಿ ಬತ್ತಿ ಹೊಸೆಯುತ್ತ, “ಹೋಗದು ಎಲ್ಲಿಗೂ ಇಲ್ಲೆ, ಬೆವರದು ಮಾತ್ರ ಇದ್ದು” ಎಂದು ತೀರ್ಪು ಕೊಟ್ಟಳು.

ಹೋಗುವುದು ಎಲ್ಲಿಗೂ ಇಲ್ಲ ಎಂಬ ಮಾತಿಗೆ ನನ್ನಲ್ಲಿ ಒಂದು ಉತ್ತರವಿದೆ. ಬೀದಿಯಲ್ಲಿ ಓಡುವ ಸೈಕಲ್ಲು ಬಯಲಾಟ, ಇದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳದಲ್ಲಿ ಸುತ್ತು ಬರುವುದಿಲ್ಲ. ಕೂತಲ್ಲೇ ಕೂತು ಯುದ್ಧ ಗೆಲ್ಲಬೇಕು. ತಾಳಮದ್ದಳೆಯಲ್ಲಿ ಕೌರವ ಎದ್ದು ನಿಲ್ಲದೆಯೂ ಗದೆ ಬೀಸುತ್ತಾನೆ, ಕೇಳುವವರು ನಂಬುತ್ತಾರೆ. ಮಂಡಿಯೂ ಅಷ್ಟೆ, ದಾರಿ ಸಾಗಿತೇ ಎಂದು ಕೇಳುವುದಿಲ್ಲ, ತಾನು ಎಷ್ಟು ಸಲ ಮಡಚಿ ಬಿಡಿಸಿದೆ ಎಂಬುದಷ್ಟೇ ಅದಕ್ಕೆ ಲೆಕ್ಕ. ಆಟದ ಮೇಳಗಳು ಗೆಜ್ಜೆ ಬಿಚ್ಚುವ ಮಳೆಗಾಲವೇ ತಾಳಮದ್ದಳೆಯ ಸುಗ್ಗಿ. ಈ ಸೈಕಲ್ಲಿಗೂ ಅದೇ ಕಾಲ.

ಹೋಲಿಕೆ ಇಲ್ಲಿಗೆ ಮುಗಿಯಲಿಲ್ಲ, ಕೆಲಸಕ್ಕೂ ಬಂತು. ಎಷ್ಟು ಜೋರಾಗಿ ತುಳಿಯಬೇಕು ಎಂಬುದಕ್ಕೆ ಪುಸ್ತಕದ ಸೂತ್ರವೊಂದಿದೆ. 220ರಲ್ಲಿ ವಯಸ್ಸು ಕಳೆಯಿರಿ. 65ರ ವಯಸ್ಸಿಗೆ 155. ಅದರ ಶೇಕಡಾ 64ರಿಂದ 76, ಅಂದರೆ ನಿಮಿಷಕ್ಕೆ 99ರಿಂದ 118 ಬಡಿತ ಮಧ್ಯಮ ಶ್ರಮ. ಆದರೆ ರಕ್ತದೊತ್ತಡಕ್ಕೆ ನುಂಗುವ ಕೆಲವು ಮಾತ್ರೆಗಳು ಎದೆಬಡಿತವನ್ನೇ ತಗ್ಗಿಸಿಡುತ್ತವೆ, ಆಗ ಸೂತ್ರ ಸುಳ್ಳು ಹೇಳುತ್ತದೆ. ಹಿಡಿಕೆಯ ಲೋಹದ ಪಟ್ಟಿ ತೋರಿಸುವ ಬಡಿತವೂ ಕೈ ಒಣಗಿದ್ದರೆ ಒಂದು, ಒದ್ದೆಯಿದ್ದರೆ ಒಂದು. ಇದಕ್ಕಿಂತ ನಂಬಬಹುದಾದ ಪರೀಕ್ಷೆ ಮಾತಿನದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದು ಮಧ್ಯಮ ಶ್ರಮ. ಹಾಡಲೂ ಆದರೆ ತುಳಿದದ್ದು ಸಾಲದು, ಮಾತೂ ತುಂಡಾದರೆ ಹೆಚ್ಚಾಯಿತು. ನಮ್ಮ ಭಾಷೆಗೆ ತಂದರೆ ಅರ್ಥಗಾರಿಕೆ ಸಾಗಬೇಕು, ಭಾಗವತಿಕೆ ಸಾಗಬಾರದು.

ನಾನು ಹವ್ಯಾಸಿ ಅರ್ಥಧಾರಿ. ಊರಿನ ತಾಳಮದ್ದಳೆಗಳಲ್ಲಿ ನನ್ನ ಪಾಲಿಗೆ ಬರುವುದು ಹೆಚ್ಚಾಗಿ ವಾಲಿ. ಬಾಣ ತಾಗಿ ಬಿದ್ದಲ್ಲಿಂದಲೇ ರಾಮನನ್ನು ಮುಕ್ಕಾಲು ಗಂಟೆ ಪ್ರಶ್ನಿಸಬೇಕಾದ ಪಾತ್ರಕ್ಕೆ ಒರಗಿ ಕೂರುವ ಈ ಆಸನ ಬಹಳ ಒಗ್ಗಿತು. ಬೆಳಿಗ್ಗೆ ಆಸರಿಗೆಯಾದ ಸ್ವಲ್ಪ ಹೊತ್ತಿಗೆ ಕೂತು ಮೊದಲ ಐದು ನಿಮಿಷ ಭಾರವಿಲ್ಲದೆ ನಿಧಾನವಾಗಿ ತುಳಿಯುತ್ತೇನೆ. ಆಮೇಲೆ ಗುಬಟನ್ನು ಮೂರಕ್ಕೋ ನಾಲ್ಕಕ್ಕೋ ತಿರುವಿ, ನಿಮಿಷಕ್ಕೆ ಐವತ್ತು ಅರುವತ್ತು ಸುತ್ತಿನಂತೆ ತುಳಿಯುತ್ತ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತೇನೆ. ವಾಕ್ಯ ನಡುವೆ ತುಂಡಾದರೆ ಭಾರ ಒಂದು ಹಂತ ಇಳಿಸುತ್ತೇನೆ. ವಾಕ್ಯ ತೀರ ಸಲೀಸಾಗಿ ಹರಿದರೆ ಒಂದು ಹಂತ ಏರಿಸುತ್ತೇನೆ. ಕೊನೆಯ ಐದು ನಿಮಿಷ ಮತ್ತೆ ಹಗುರ, ಆಗ ವಾಲಿಗೂ ರಾಮನಿಗೂ ರಾಜಿಯಾಗಿರುತ್ತದೆ. ಪಕ್ಕದ ಊರಿನ ಭಾಗವತರೊಬ್ಬರು ಒಂದು ಮಧ್ಯಾಹ್ನ ಬಂದು, ಹಾಡಲಾಗದು ಎಂಬುದನ್ನು ತಾನು ಒಪ್ಪುವುದಿಲ್ಲ ಎಂದು ಪಂಥ ಕಟ್ಟಿ ಕೂತರು. ನಾಲ್ಕನೇ ಹಂತದಲ್ಲಿ ಪಲ್ಲವಿ ಮುಗಿಸಿದರು. ಚರಣದಲ್ಲಿ ಉಸಿರು ತಾಳ ತಪ್ಪಿತು. ಪೆಡಲು ನಿಲ್ಲಿಸಿ ಪದ ಪೂರ್ತಿ ಮಾಡಿದರೇ ಹೊರತು ಪದ ನಿಲ್ಲಿಸಲಿಲ್ಲ, ಕಲಾವಿದರು ನೋಡಿ.

ಪರದೆ ತೋರಿಸುವ ಕಿಲೋಮೀಟರನ್ನು ನಂಬಬಾರದು. ಪೆಡಲಿನ ಒಂದು ಸುತ್ತಿಗೆ ಇಷ್ಟು ಮೀಟರ್ ಎಂದು ಕಂಪನಿ ಗೊತ್ತುಮಾಡಿದ ಲೆಕ್ಕ ಅದು, ಒಂದು ಕಂಪನಿಯ ಹತ್ತು ಕಿಲೋಮೀಟರ್ ಇನ್ನೊಂದರ ಏಳಾಗಬಹುದು. ಕ್ಯಾಲೊರಿಯ ಲೆಕ್ಕವೂ ಅಂದಾಜೇ. ಆದರೆ ಅಂದಾಜಿನ ಲೆಕ್ಕವೂ ಹುರುಪು ಕೊಡುತ್ತದೆ. ಸಿದ್ದಾಪುರದಿಂದ ಹೊರಟೆ ಎಂದುಕೊಂಡು ದಿನದಿನದ ದೂರವನ್ನು ಪಂಚಾಂಗದ ಅಂಚಿನಲ್ಲಿ ಕೂಡಿಸುತ್ತ ಬಂದೆ. ಆಯಿಗೆ ಇದು ರುಚಿಸಿತು. “ಎಲ್ಲಿ ಮುಟ್ಟಿದ್ಯೋ ತಮಾ?” ಎಂದು ಕೇಳುವಳು. ಕಾನಸೂರು ಎಂದರೆ ಅಲ್ಲಿಯ ನೆಂಟರ ಸುದ್ದಿ, ಶಿರಸಿ ಎಂದರೆ ಮಾರಿಕಾಂಬೆಯ ಹಳೆಯ ಜಾತ್ರೆಗಳ ಸುದ್ದಿ, ಭೈರುಂಬೆ ದಾಟಿ ಮಂಚಿಕೇರಿ ಎಂದರೆ ಅಲ್ಲಿ ನೋಡಿದ ನಾಟಕಗಳ ಸುದ್ದಿ. ಯಲ್ಲಾಪುರ ಮುಟ್ಟುವಷ್ಟರಲ್ಲಿ ಮಳೆಗಾಲ ಅರ್ಧ ಕಳೆದಿತ್ತು, ನಾನು ಆಯಿಯ ಬಾಯಲ್ಲಿ ಮೂರು ತಾಲೂಕಿನ ವಂಶಾವಳಿ ಕೇಳಿ ಮುಗಿಸಿದ್ದೆ. ಈಗ ವೈದ್ಯರನ್ನು ಕೇಳಿ, ಭಾರವೇ ಇಲ್ಲದ ಮೊದಲ ಹಂತದಲ್ಲಿ ಅವಳೂ ಸೆರಗು ಸಿಕ್ಕಿಸಿ ಕೆಲ ನಿಮಿಷ ಕಾಲಾಡಿಸುತ್ತಾಳೆ. ಎಲ್ಲಿಗೆ ಹೊರಟೆ ಎಂದರೆ ತವರಿಗೆ ಎನ್ನುತ್ತಾಳೆ.

ಈ ಯಂತ್ರ ಎಲ್ಲ ಮಾಡುತ್ತದೆ ಎಂದು ಹೊಗಳಲಾರೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ, ಅಷ್ಟನ್ನು ಇದು ಪೂರೈಸುತ್ತದೆ. ಆದರೆ ಅದೇ ಸಲಹೆಯಲ್ಲಿ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಮೈಯ ಸಮತೋಲ ಮತ್ತು ಸ್ನಾಯುಬಲದ ಅಭ್ಯಾಸ ಮಾಡಬೇಕು ಎಂದೂ ಇದೆ. ಕೂತವನಿಗೆ ಸಮತೋಲ ಕಲಿಯುವ ಅಗತ್ಯವೇ ಬೀಳುವುದಿಲ್ಲ. ಮೂಳೆ ಗಟ್ಟಿಯಾಗಲು ಅದರ ಮೇಲೆ ಮೈಯ ಭಾರ ಬೀಳಬೇಕು, ಇಲ್ಲಿ ಭಾರವೆಲ್ಲ ಕುರ್ಚಿಯ ಮೇಲೆ. ಆದ್ದರಿಂದ ತುಳಿದಾದ ಮೇಲೆ ಜಗಲಿಯ ಕಂಬ ಹಿಡಿದು ಒಂಟಿ ಕಾಲಲ್ಲಿ ನಿಲ್ಲುತ್ತೇನೆ, ಮಳೆ ಬಿಟ್ಟ ದಿನ ಒಣಗಿದ ಅಂಗಳದಲ್ಲಿ ನಡೆಯುತ್ತೇನೆ. ಎದೆನೋವು, ತಲೆಸುತ್ತು ಕಂಡರೆ ವಾಲಿ, ರಾಮ ಎಲ್ಲವನ್ನೂ ಬಿಟ್ಟು ನಿಲ್ಲಿಸಬೇಕು. ಮಂಡಿ ಊದಿಕೊಂಡ ದಿನ ಕೂರಲೇಬಾರದು.

ನಮ್ಮ ಮಂಡಿಗಿಂತ ಹೆಚ್ಚು ಸವೆದದ್ದು ನಮ್ಮ ಜಗಲಿ. ಹತ್ತು ಮನೆಯ ಕೇರಿಯಲ್ಲಿ ಏಳು ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ. ಮಕ್ಕಳು ಬೆಂಗಳೂರು, ಪುಣೆ, ಅಮೆರಿಕ. ಅಡಿಕೆ ಸುಲಿಯಲು ಯಂತ್ರ ಬಂದಿದೆ, ಮೆಟ್ಟುಗತ್ತಿಯ ಸುತ್ತ ಕೂರುವ ರಾತ್ರಿಗಳು ಹೋದವು. ಕೊನೆ ಇಳಿಸಲು ಫೈಬರ್ ದೋಟಿ ಬಂತು. ಒಂದೊಂದು ಯಂತ್ರವೂ ಬರುವಾಗ ಜಗಲಿಯಿಂದ ಒಬ್ಬೊಬ್ಬರನ್ನು ಎಬ್ಬಿಸಿ ಕಳಿಸಿತು. ಅವು ಬೇಡವಿತ್ತು ಎಂದು ಹೇಳುವಷ್ಟು ನಾನು ಮಳ್ಳನಲ್ಲ, ಬೆರಳು ಕೊಯ್ದುಕೊಂಡವರಿಗೆ ಮೆಟ್ಟುಗತ್ತಿಯ ಸುಖ ಗೊತ್ತು. ಆದರೆ ಈ ಸೈಕಲ್ಲು ಮಾತ್ರ ಉಲ್ಟಾ ಕೆಲಸ ಮಾಡಿತು. ಇದು ಬಂದ ಮೇಲೆ ನಮ್ಮಲ್ಲಿಗೆ ಬರುವವರು ಹೆಚ್ಚಾದರು. ಸಂಜೆ ಐದಕ್ಕೆ ಮಂಡಿನೋವಿನವರ ಸರದಿ. ಒಬ್ಬರು ತುಳಿಯುತ್ತಾರೆ, ಮೂವರು ಅಡಿಕೆ ದರದ ಮಾತಾಡುತ್ತಾರೆ. ದರ ಇಳಿದ ದಿನ ತುಳಿಯುವವರ ಬಡಿತ ತಾನೇ ಏರುತ್ತದೆ, ಗುಬಟು ತಿರುವುವುದೇ ಬೇಡ.

ಹಪ್ಪಳದ ಭಾವ ಈಚೆಗೆ ಫೋನು ಮಾಡಿ, ಯಾವ ಕಂಪನಿಯದು ತಗೊಂಡೆ ಎಂದು ಕೇಳಿದರು. ಕಂಪನಿ ಯಾವುದಾದರೂ ಅಡ್ಡಿಲ್ಲ, ಅಯಸ್ಕಾಂತದ್ದಿರಲಿ, ಗೋಡೆಯ ಕರೆಂಟು ಬೇಡದ್ದಿರಲಿ, ಕುರ್ಚಿ ತೀರ ತಗ್ಗದಿರಲಿ, ಅಕ್ಕನ ಕಾಲಿಗೆ ಪೆಡಲು ಎಟುಕಲಿ ಎಂದೆ. ಮೆತ್ತಿನ ಮೇಲೆ ಟ್ರೆಡ್‌ಮಿಲ್ಲಿನ ಪಕ್ಕದಲ್ಲೇ ಜಾಗ ಮಾಡಿದ್ದೇನೆ ಎಂದರು. ಬೇಡ ಮಾರಾಯರೇ, ಮೊದಲು ಟೇಪು ತಗೊಂಡು ಜಗಲಿ ಅಳೆಯಿರಿ ಎಂದೆ. ಉದ್ದಕ್ಕೆ ಸೈಕಲ್ಲಿಗೆ ಐದೂವರೆ ಅಡಿ, ಅಗಲಕ್ಕೆ ಎರಡೂವರೆ. ಅದರ ಪಕ್ಕದಲ್ಲಿ ಒಬ್ಬರು ಚಕ್ಕಳಮಕ್ಕಳ ಹಾಕಿ ಕೂತು ಮಾತಾಡಲು ಇನ್ನೂ ಮೂರಡಿ. ಆ ಮೂರಡಿ ಸಿಕ್ಕರೆ ಮಾತ್ರ ಕೊಳ್ಳಿ, ಸಿಗದಿದ್ದರೆ ಆ ದುಡ್ಡಿಗೆ ಹಲಸಿನ ಹಪ್ಪಳ ಒಣಗಿಸಲು ಒಳ್ಳೆಯ ಮಂಚ ಮಾಡಿಸಬಹುದು.